ಉಕ್ಕನ್ನು ಕೊಯ್ಯುವ ಉಕ್ಕು

ಬಡಗಿಯ ಉಳಿ ಮರವನ್ನು ಕೆತ್ತುತ್ತದೆ. ಉಳಿಯು ಮರಕ್ಕಿಂತ ಗಟ್ಟಿಯಾದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕುಡುಗೋಲು ಪೈರನ್ನು ಕೊಯ್ಯುವುದೂ ಹಾಗೆಯೇ. ಆದರೆ ಆ ಉಳಿಯ ಉಕ್ಕಿಗೆ ಆಕಾರ ಬಂದುದು ಯಾವುದರಿಂದ? ಅರದಿಂದ ಉಜ್ಜಿದ್ದರಿಂದ ಎನ್ನಬಹುದು. ಹಾಗಾದರೆ ಅರದ ಹಲ್ಲುಗಳನ್ನು ಕಡಿದುದು ಯಾವುದು? ಮತ್ತೊಂದು ಉಳಿ. ಅರವೂ ಉಕ್ಕಿನದು, ಆ ಉಳಿಯೂ ಉಕ್ಕಿನದು. ಹೀಗೆ ಹಿಂದೆ ಹಿಂದೆ ಹೋದಂತೆಲ್ಲ ಉಕ್ಕು ಉಕ್ಕನ್ನೇ ಕೊಯ್ಯುತ್ತಿರುವುದು ಕಂಡುಬರುತ್ತದೆ. ಒಂದೇ ಲೋಹ ಒಮ್ಮೆ ಕೊಯ್ಯುವ ಆಯುಧ, ಇನ್ನೊಮ್ಮೆ ಕೊಯ್ಯಿಸಿಕೊಳ್ಳುವ ಸಾಮಗ್ರಿ. ಈ ವಿಚಿತ್ರದ ಒಳಗುಟ್ಟನ್ನು ಕಾಣಲು ದೊಡ್ಡ ಕಾರ್ಖಾನೆಗಿಂತ ಮನೆಯ ಹಿತ್ತಲಿನ ಒಂದು ಚಿಕ್ಕ ಕಾರ್ಯಾಗಾರವೇ ಹೆಚ್ಚು ಅನುಕೂಲ. ಕಾರ್ಖಾನೆಯಲ್ಲಿ ಕೆಲಸ ಹತ್ತಾರು ಕೈಗಳಲ್ಲಿ ಹಂಚಿಹೋಗಿರುತ್ತದೆ. ಇಲ್ಲಿ ಆರಂಭದಿಂದ ಕೊನೆಯವರೆಗೆ ಎಲ್ಲವೂ ಒಬ್ಬನ ಕೈಯಲ್ಲಿಯೇ ನಡೆಯುತ್ತದೆ.

ಇಂತಹ ಕಾರ್ಯಾಗಾರಗಳ ಪರಂಪರೆ ಇಂಗ್ಲೆಂಡಿನಲ್ಲಿ ಬಹಳ ಬಲವಾಗಿ ಬೆಳೆದಿದೆ. ಅಲ್ಲಿನ ಶಾಲಾ ಉಪಾಧ್ಯಾಯರು, ರೈಲ್ವೆ ನೌಕರರು, ವೈದ್ಯರು, ನಿವೃತ್ತ ಗುಮಾಸ್ತರು ತಮ್ಮ ಮನೆಯ ಹಿಂದಿನ ಮರದ ಗುಡಿಸಲಿನಲ್ಲಿ ಒಂದು ಲೇತನ್ನು ಇರಿಸಿಕೊಂಡು, ಬಿಡುವಿನ ವೇಳೆಯಲ್ಲಿ ಪುಟ್ಟ ಉಗಿಬಂಡಿಗಳನ್ನೂ ಗಡಿಯಾರಗಳನ್ನೂ ತಯಾರಿಸುತ್ತ ಬಂದಿದ್ದಾರೆ. ಅವರಿಗಾಗಿಯೇ 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬಾತನು 'ಮಾಡೆಲ್ ಎಂಜಿನಿಯರ್' ಪತ್ರಿಕೆಯನ್ನು ಪ್ರಾರಂಭಿಸಿದನು. ಎರಡನೆಯ ಮಹಾಯುದ್ಧದ ತರುವಾಯ ನಾಟಿಂಗ್‌ಹ್ಯಾಮ್ ಸಮೀಪದ ಬೀಸ್ಟನ್ ಊರಿನಲ್ಲಿ ತಯಾರಾದ ಮೈಫರ್ಡ್ ಎಂ.ಎಲ್.7 ಎಂಬ ಚಿಕ್ಕ ಲೇತು ಇಂತಹ ಅನೇಕ ಮನೆಗಳನ್ನು ಸೇರಿತು. ತಂದೆಯ ಕಾಲದಲ್ಲಿ ಕೊಂಡ ಲೇತು ಮಗನ ಕಾಲದಲ್ಲಿಯೂ ದುಡಿಯುವುದುಂಟು. ಯಂತ್ರ ಹಳೆಯದಾದಂತೆ ಅದರ ಒಂದೊಂದು ಭಾಗ ಸವೆಯುತ್ತದೆ, ಮುರಿಯುತ್ತದೆ, ಕೆಲವೊಮ್ಮೆ ಕಳೆದೇ ಹೋಗುತ್ತದೆ.

ಅಂತಹ ಲೇತಿನ ಒಂದು ಹಲ್ಲುಚಕ್ರ ಮುರಿದಿದೆಯೆಂದು ಭಾವಿಸೋಣ. ನಲವತ್ತು ಹಲ್ಲುಗಳ ಚಕ್ರವದು. ಲೇತಿನಲ್ಲಿ ತಿರುಪುಮೊಳೆಯ ಎಳೆಗಳನ್ನು ಕೊರೆಯಬೇಕಾದಾಗ ಇಂತಹ ಚಕ್ರಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸುತ್ತಾರೆ. ಅವುಗಳಲ್ಲಿ ಒಂದಿಲ್ಲದಿದ್ದರೂ ಕೆಲವು ಬಗೆಯ ಎಳೆಗಳನ್ನು ಕೊರೆಯುವಂತಿಲ್ಲ. ಹೊಸ ಚಕ್ರವನ್ನು ಮಾಡುವ ಕ್ರಮವೇನೋ ಸರಳವಾದುದು. ಎರಕದ ಕಬ್ಬಿಣದ ಬಿಲ್ಲೆಯೊಂದನ್ನು ತೆಗೆದುಕೊಂಡು ಅದರ ಅಂಚಿನಲ್ಲಿ ನಲವತ್ತು ಸಂದುಗಳನ್ನು ಕೊಯ್ಯಬೇಕು. ಸಂದುಗಳ ನಡುವೆ ಉಳಿದುದೇ ಹಲ್ಲು. ಕೊಯ್ಯುವ ಆಯುಧಕ್ಕೆ ಮಿಲ್ಲಿಂಗ್ ಕಟರ್ ಎಂದು ಹೆಸರು. ಅದೂ ಒಂದು ಚಿಕ್ಕ ಚಕ್ರವೇ. ತನ್ನ ಸುತ್ತಲೂ ಹರಿತವಾದ ಹಲ್ಲುಗಳನ್ನು ಹೊತ್ತು ಗಿರನೆ ತಿರುಗುತ್ತದೆ, ಎದುರಿಗೆ ಬಂದ ಲೋಹವನ್ನು ಚೂರುಚೂರಾಗಿ ಕೆರೆದು ಹಾಕುತ್ತದೆ. ಗರಗಸದ ಬಿಲ್ಲೆಯೊಡನೆ ಅದನ್ನು ಹೋಲಿಸಬಹುದು. ಆದರೆ ಗರಗಸಕ್ಕೆ ಸೀಳಿದರೆ ಸಾಕು; ಕಟರು ತನ್ನ ಹಲ್ಲಿನ ಆಕಾರವನ್ನು ಯಥಾವತ್ತಾಗಿ ಲೋಹದಲ್ಲಿ ಮೂಡಿಸಬೇಕು. ಸಂದಿನ ಆಕಾರ ಹೇಗಿರಬೇಕೋ ಕಟರಿನ ಹಲ್ಲಿನ ಆಕಾರವೂ ಹಾಗೆಯೇ ಇರಬೇಕು.

ಅಂಗಡಿಯಿಂದ ಕಟರನ್ನು ಕೊಂಡು ತಂದರಾಗದೆ ಎಂದು ಯಾರಾದರೂ ಕೇಳಬಹುದು. ತೊಡಕಿರುವುದು ಅಲ್ಲಿಯೇ. ಹಲ್ಲುಚಕ್ರದ ಹಲ್ಲಿನ ಪಕ್ಕ ನೇರವಾಗಿರುವುದಿಲ್ಲ, ಅದು ಒಂದು ಬಾಗಿದ ರೇಖೆ. ಉರುಳೆಯೊಂದಕ್ಕೆ ಸುತ್ತಿದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಬಿಚ್ಚುತ್ತ ಹೋದರೆ ದಾರದ ತುದಿ ಗಾಳಿಯಲ್ಲಿ ಒಂದು ಬಾಗನ್ನು ಬರೆಯುತ್ತದೆಯಷ್ಟೆ. ಆ ಬಾಗಿಗೆ ಇನ್‌ವಲ್ಯೂಟ್ ಎಂದು ಹೆಸರು. ಹಲ್ಲುಗಳ ಪಕ್ಕಕ್ಕೆ ಈ ಬಾಗಿದ್ದರೆ ಒಂದು ಚಕ್ರ ಇನ್ನೊಂದನ್ನು ಕುಲುಕದೆ, ಒಂದೇ ವೇಗದಿಂದ ತಿರುಗಿಸಬಲ್ಲದು. ಚಕ್ರದ ಹಲ್ಲುಗಳ ಸಂಖ್ಯೆ ಬದಲಾದಂತೆ ಬಾಗೂ ಬದಲಾಗುತ್ತದೆ. ಎಲ್ಲ ಸಂಖ್ಯೆಗೂ ಒಂದೊಂದು ಕಟರನ್ನು ಇಟ್ಟುಕೊಳ್ಳಲಾಗದೆಂದು, 12 ಹಲ್ಲುಗಳಿಂದ ಹಿಡಿದು ಮೇಲಿನ ಎಲ್ಲವನ್ನೂ ಎಂಟು ಗುಂಪುಗಳಾಗಿ ವಿಂಗಡಿಸಿ ಗುಂಪಿಗೊಂದು ಕಟರನ್ನು ಮಾರುತ್ತಾರೆ. ನಲವತ್ತು ಹಲ್ಲುಗಳ ಚಕ್ರವು 35ರಿಂದ 54ರವರೆಗಿನ ಗುಂಪಿಗೆ ಸೇರಿದುದು. ಹಲ್ಲಿನ ಗಾತ್ರ ಬೇರೆಯಾದರೆ ಮತ್ತೆ ಎಂಟು ಬೇಕು.

ಇದಿಷ್ಟೇ ಅಲ್ಲ. ಎರಡು ಹಲ್ಲುಗಳು ಪರಸ್ಪರ ಒತ್ತುವ ದಿಕ್ಕಿಗೂ ಒಂದು ಕೋನವಿದೆ. ಹಳೆಯ ಮೈಫರ್ಡ್ ಲೇತಿನ ಚಕ್ರಗಳಲ್ಲಿ ಅದು ಹದಿನಾಲ್ಕೂವರೆ ಡಿಗ್ರಿ. ಈಚಿನ ಚಕ್ರಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತು ಡಿಗ್ರಿ. ಹೊಸ ಪದ್ಧತಿ ಹೆಚ್ಚು ಬಲವಾದ ಹಲ್ಲನ್ನು ಕೊಡುತ್ತದೆಂಬುದು ನಿಜ. ಆದರೆ ಮುರಿದ ಚಕ್ರದ ಜಾಗಕ್ಕೆ ಬರುವ ಚಕ್ರವು ತನ್ನ ನೆರೆಯ ಹಳೆಯ ಚಕ್ರಗಳೊಡನೆ ಬಾಳಬೇಕು. ನೆರೆಯವರು ಹದಿನಾಲ್ಕೂವರೆಯ ಕೋನದವರಾಗಿರುವಾಗ ಹೊಸಬನು ಇಪ್ಪತ್ತರವನಾದರೆ ಹಲ್ಲುಗಳು ಒಂದನ್ನೊಂದು ಕಡಿದುಕೊಳ್ಳುತ್ತವೆ. ಆದುದರಿಂದ ಮನೆಯ ಕುಶಲಕರ್ಮಿಯು ತನಗೆ ಬೇಕಾದ ಕಟರನ್ನು ತಾನೇ ಮಾಡಿಕೊಳ್ಳಲು ಹೊರಡುತ್ತಾನೆ. ಒಂದೇ ಒಂದು ಚಕ್ರಕ್ಕಾಗಿ ಇಷ್ಟು ಶ್ರಮವೇ ಎಂದು ನೋಡಿದವರು ನಗಬಹುದು. ಲೆಕ್ಕದ ದೃಷ್ಟಿಯಿಂದ ಅವರ ನಗೆ ಸರಿಯೇ. ಆದರೆ ಒಂದು ಚಕ್ರವಿಲ್ಲದೆ ನಿಂತುಹೋದ ಯಂತ್ರವು ಹಳೆಯ ಕಬ್ಬಿಣದ ರಾಶಿಗೆ ಸೇರುವ ಮೊದಲಿನ ಮೆಟ್ಟಿಲಿನಲ್ಲಿ ನಿಂತಿರುತ್ತದೆ ಎಂಬುದು ಆ ಲೆಕ್ಕದಲ್ಲಿ ಸೇರುವುದಿಲ್ಲ.

ಬಾಗಿದ ರೇಖೆಯನ್ನು ಉಕ್ಕಿನಲ್ಲಿ ಮೂಡಿಸುವುದು ಹೇಗೆ? ಇಲ್ಲಿ ರೇಖಾಗಣಿತವು ಬಹು ಚೆನ್ನಾಗಿ ಸಹಾಯಕ್ಕೆ ಬರುತ್ತದೆ. ಇನ್‌ವಲ್ಯೂಟ್ ಬಾಗಿನ ಒಂದು ಸಣ್ಣ ತುಂಡನ್ನು ವೃತ್ತದ ಒಂದು ತುಂಡೆಂದೇ ಎಣಿಸಿದರೆ ಆಗುವ ವ್ಯತ್ಯಾಸ ಅತ್ಯಲ್ಪ. ಆ ವೃತ್ತದ ತ್ರಿಜ್ಯವನ್ನು ತಿಳಿಯಲು, ಹಲ್ಲುಗಳು ಸಂಧಿಸುವ ವೃತ್ತದ ತ್ರಿಜ್ಯವನ್ನು ಒತ್ತಡದ ಕೋನದ ಸೈನ್ ಬೆಲೆಯಿಂದ ಗುಣಿಸಬೇಕು. ಮೈಫರ್ಡ್ ಚಕ್ರಗಳಲ್ಲಿ ವ್ಯಾಸದ ಒಂದು ಅಂಗುಲಕ್ಕೆ 20 ಹಲ್ಲುಗಳ ಲೆಕ್ಕ. ಹಾಗಾಗಿ ನಲವತ್ತು ಹಲ್ಲುಗಳ ಚಕ್ರದ ಸಂಧಿವೃತ್ತಕ್ಕೆ ಎರಡು ಅಂಗುಲ ವ್ಯಾಸ, ಒಂದು ಅಂಗುಲ ತ್ರಿಜ್ಯ. ಹದಿನಾಲ್ಕೂವರೆ ಡಿಗ್ರಿಯ ಸೈನ್ ಬೆಲೆ 0.2504. ಅಂದರೆ ಬೇಕಾದ ವೃತ್ತದ ತ್ರಿಜ್ಯ ಸರಿಯಾಗಿ ಕಾಲು ಅಂಗುಲವೆನ್ನಬಹುದು. ಹಳೆಯ ಯಂತ್ರಶಿಲ್ಪಿಗಳು ಹದಿನಾಲ್ಕೂವರೆ ಎಂಬ ವಿಚಿತ್ರವಾದ ಸಂಖ್ಯೆಯನ್ನು ಇಷ್ಟಪಟ್ಟುದರ ಅನುಕೂಲ ಇದರಿಂದ ಕಾಣುತ್ತದೆ: ಅದರ ಸೈನ್ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು.

ಆದುದರಿಂದ ಕುಶಲಕರ್ಮಿಯು ಮೊದಲು ಮಾಡುವುದು ಕಟರನ್ನಲ್ಲ, ಕಟರನ್ನು ಕೊಯ್ಯುವ ಎರಡು ಗುಂಡಿಗಳನ್ನು. ಅರ್ಧ ಅಂಗುಲ ವ್ಯಾಸದ, ಅಂಗಿಯ ಗುಂಡಿಗಿಂತ ತುಸು ದಪ್ಪನಾದ ಎರಡು ಉಕ್ಕಿನ ಬಿಲ್ಲೆಗಳವು. ಅವುಗಳಿಗೆ ಬೆಂಕಿಯಲ್ಲಿ ಹದ ಕೊಟ್ಟು ಗಟ್ಟಿಮಾಡಿ, ಒಂದು ಹಿಡಿಕೆಯ ತುದಿಯಲ್ಲಿ ಅಕ್ಕಪಕ್ಕದಲ್ಲಿ ತಿರುಪಿನಿಂದ ಬಿಗಿಯುತ್ತಾನೆ. ಎರಡರ ಕೇಂದ್ರಗಳ ನಡುವಿನ ದೂರ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು. ಹೀಗಾಗಿ ಗುಂಡಿಗಳ ನಡುವೆ ಒಂದೂವರೆ ಮಿಲಿಮೀಟರಿನಷ್ಟು ಕಿರಿದಾದ ಸಂದು ಉಳಿಯುತ್ತದೆ. ಲೇತಿನಲ್ಲಿ ತಿರುಗುತ್ತಿರುವ ಮೆದು ಉಕ್ಕಿನ ಬಿಲ್ಲೆಯ ಅಂಚಿಗೆ ಈ ಜೋಡಿಯನ್ನು ನಿಧಾನವಾಗಿ ಒತ್ತಿದರೆ, ಎರಡು ಗುಂಡಿಗಳೂ ಎರಡು ಪಕ್ಕವನ್ನು ಗುಳಿಯಾಗಿ ಕೊರೆಯುತ್ತವೆ. ನಡುವಿನ ಸಂದಿನಲ್ಲಿ ಒಂದು ಏಣು ಉಳಿಯುತ್ತದೆ. ಆ ಏಣಿನ ಆಕಾರವೇ ಚಕ್ರದ ಎರಡು ಹಲ್ಲುಗಳ ನಡುವಿನ ಸಂದಿನ ಆಕಾರ. ಗುಂಡಿಯ ಉಬ್ಬು ಕಟರಿನಲ್ಲಿ ತಗ್ಗಾಗುತ್ತದೆ, ಕಟರಿನ ತಗ್ಗು ಚಕ್ರದ ಹಲ್ಲಿನಲ್ಲಿ ಮತ್ತೆ ಉಬ್ಬಾಗುತ್ತದೆ. ಗುಂಡಿಯ ಬಾಗು ಒಂದು ಕೈ ದಾಟಿ ಇನ್ನೊಂದು ಕೈಯಲ್ಲಿ ತಿರುಗಿ ಕಾಣಿಸಿಕೊಳ್ಳುತ್ತದೆ.

ಈ ಕೆಲಸ ಅವಸರವನ್ನು ಸ್ವಲ್ಪವೂ ಸಹಿಸುವುದಿಲ್ಲ. ಕೊರೆಯುವ ಅಂಚು ಅಗಲವಾಗಿರುವುದರಿಂದ ಲೇತು ಕಂಪಿಸತೊಡಗುತ್ತದೆ. ಕಂಪಿಸಿದರೆ ಉಕ್ಕಿನ ಮೈಮೇಲೆ ಅಲೆಅಲೆಯಾದ ಗುರುತು ಬೀಳುತ್ತದೆ. ಅದಕ್ಕಾಗಿ ವೇಗವನ್ನು ಬಹಳ ಕಡಿಮೆ ಮಾಡಿ, ಎಣ್ಣೆಯನ್ನು ಧಾರಾಳವಾಗಿ ಹಾಕಬೇಕು. ವಿದ್ಯುತ್ ಮೋಟಾರನ್ನೇ ನಿಲ್ಲಿಸಿ ಲೇತನ್ನು ಕೈಯಿಂದ ತಿರುಗಿಸುವವರೂ ಇದ್ದಾರೆ.

ಈಗ ಏಣು ಸಿದ್ಧವಾಯಿತು. ಆದರೆ ಅದು ಕೇವಲ ಒಂದು ನಯವಾದ ಬಳೆ, ಯಾವುದನ್ನೂ ಕೊಯ್ಯಲಾರದು. ಅದನ್ನು ಕೆಲವು ಕಡೆ ಸೀಳಿ ಹಲ್ಲುಗಳನ್ನಾಗಿ ಒಡೆಯಬೇಕು. ಮನೆಯಲ್ಲಿ ಮಾಡುವ ಕಟರಿಗೆ ನಾಲ್ಕು ಹಲ್ಲುಗಳಿದ್ದರೂ ಸಾಕು. ಹಲ್ಲಿನ ಮುಂದಿನ ಮುಖವು ಕಟರಿನ ಕೇಂದ್ರಕ್ಕೆ ನೇರವಾಗಿರಬೇಕು. ಹಿಂದಕ್ಕೋ ಮುಂದಕ್ಕೋ ವಾಲಿದರೆ ಆಕಾರ ಕೆಡುತ್ತದೆ. ಸೀಳಿನ ತಳವು ಚೂಪಾದ ಮೂಲೆಯಾಗಿರದೆ ದುಂಡಗಿರಬೇಕು. ಇದರ ಕಾರಣ ಬೆಂಕಿಯ ಹತ್ತಿರ ಹೋದಾಗ ತಿಳಿಯುತ್ತದೆ.

ಇಷ್ಟಾದ ಮೇಲೂ ಒಂದು ದೊಡ್ಡ ತೊಡಕು ಉಳಿದೇ ಇರುತ್ತದೆ. ಹಲ್ಲಿನ ಮುಂದಿನ ಅಂಚು ಎಷ್ಟು ಎತ್ತರವೋ ಅದರ ಹಿಂಭಾಗವೂ ಅಷ್ಟೇ ಎತ್ತರವಾಗಿದೆ. ಇಂತಹ ಕಟರು ತಿರುಗಿದಾಗ ಅಂಚು ಲೋಹಕ್ಕೆ ಕಚ್ಚುವ ಮೊದಲೇ ಬೆನ್ನು ಉಜ್ಜತೊಡಗುತ್ತದೆ. ಉಜ್ಜಿದರೆ ಶಾಖ, ಶಾಖವೇರಿದರೆ ಮೊಂಡು. ಆದುದರಿಂದ ಪ್ರತಿ ಹಲ್ಲಿನ ಬೆನ್ನೂ ಹಿಂದೆ ಹೋದಂತೆ ಸ್ವಲ್ಪ ಸ್ವಲ್ಪವಾಗಿ ಕೇಂದ್ರದ ಕಡೆಗೆ ಇಳಿಯಬೇಕು. ಬೆನ್ನನ್ನು ಅರದಿಂದ ಉಜ್ಜಿ ತಗ್ಗಿಸಬಹುದಲ್ಲವೆ? ತಗ್ಗಿಸಬಹುದು, ಆದರೆ ಹಾಗೆ ಮಾಡಿದ ಕಟರನ್ನು ಮುಂದೆ ಸಾಣೆ ಹಿಡಿದ ಕೂಡಲೇ ಅದರ ಆಕಾರ ಬದಲಾಗಿಬಿಡುತ್ತದೆ.

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಜೋಸೆಫ್ ಬ್ರೌನ್. ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿ ಗಡಿಯಾರಗಳನ್ನು ಮಾಡುತ್ತಲೂ ದುರಸ್ತಿ ಮಾಡುತ್ತಲೂ ಯಂತ್ರವಿದ್ಯೆಯಲ್ಲಿ ಪಳಗಿದವನವನು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಆ ನಗರದ ಕಾರ್ಖಾನೆಯೊಂದರಲ್ಲಿ ಬಂದೂಕುಗಳು ತಯಾರಾಗುತ್ತಿದ್ದುವು. ಅವುಗಳ ಭಾಗಗಳಿಗೆ ರಂಧ್ರ ಕೊರೆಯುವ ಸುರುಳಿ ಬೈರಿಗೆಗಳ ಗಾಡಿಗಳನ್ನು ಕೆಲಸಗಾರರು ದುಂಡು ಅರದಿಂದ ಒಂದೊಂದಾಗಿ ಕೈಯಲ್ಲೇ ಉಜ್ಜಿ ಮಾಡಬೇಕಾಗಿತ್ತು. ಆ ಕಷ್ಟವನ್ನು ತಪ್ಪಿಸಲೆಂದು ಬ್ರೌನನು 1862ರಲ್ಲಿ ಒಂದು ಹೊಸ ಮಿಲ್ಲಿಂಗ್ ಯಂತ್ರವನ್ನು ನಿರ್ಮಿಸಿದನು. 1864ರಲ್ಲಿ ಹಲ್ಲುಚಕ್ರದ ಕಟರಿಗೆ ಹೊಸ ರೂಪವನ್ನು ಕೊಟ್ಟು ಪೇಟೆಂಟ್ ಪಡೆದನು. ಆ ಕಟರಿನ ಹಲ್ಲನ್ನು ಎಲ್ಲಿ ಅಡ್ಡಲಾಗಿ ಕತ್ತರಿಸಿ ನೋಡಿದರೂ ಒಂದೇ ಆಕಾರ. ಆ ಆಕಾರವು ಹಿಂದೆ ಹಿಂದೆ ಸರಿದಂತೆ ಕೇಂದ್ರದ ಕಡೆಗೆ ಇಳಿಯುತ್ತದೆ, ಅಷ್ಟೆ. ಕಟರು ಮೊಂಡಾದಾಗ ಹಲ್ಲಿನ ಮುಂದಿನ ಮುಖವನ್ನು ಮಾತ್ರ ಸಾಣೆ ಹಿಡಿದರೆ ಸಾಕು. ಹಲ್ಲು ಸವೆದು ತೆಳುವಾಗುವವರೆಗೂ ಅದು ಮೊದಲ ದಿನದ ಆಕಾರವನ್ನೇ ಕೊಯ್ಯುತ್ತದೆ. ಮಿಲ್ಲಿಂಗ್ ಕಟರಿನ ಚರಿತ್ರೆಯಲ್ಲಿ ಇದಕ್ಕಿಂತ ಜಾಣತನದ ಹೆಜ್ಜೆ ಇನ್ನೊಂದಿಲ್ಲವೆಂದರೂ ಸಲ್ಲುತ್ತದೆ.

ಕಾರ್ಖಾನೆಯಲ್ಲಿ ಹೀಗೆ ಬೆನ್ನಿಳಿಸಲು ಬೇರೆಯೇ ಯಂತ್ರವಿರುತ್ತದೆ. ಮನೆಯಲ್ಲಿ ಅದಿಲ್ಲ. ಅಲ್ಲಿ ನಡೆಯುವ ಉಪಾಯ ಸೊಗಸಾದುದು. ಕಟರಿನ ಬಿಲ್ಲೆಯನ್ನು ಅದರ ನಿಜವಾದ ಕೇಂದ್ರದಿಂದ ಕೆಲವು ಮಿಲಿಮೀಟರು ಪಕ್ಕಕ್ಕೆ ಸರಿಸಿ ಲೇತಿಗೆ ಬಿಗಿಯುತ್ತಾರೆ. ಆಗ ಬಿಲ್ಲೆಯು ಕುಂಟುತ್ತ ತಿರುಗುತ್ತದೆ. ಒಂದು ಹಲ್ಲು ಮಾತ್ರ ಹೊರಕ್ಕೆ ಚಾಚಿ ಬಂದು ಗುಂಡಿಗಳಿಗೆ ತಗಲುತ್ತದೆ. ಗುಂಡಿಗಳು ಆ ಹಲ್ಲನ್ನು ಕೊರೆಯುವಾಗ ಅದರ ಮೇಲ್ಮೈಯು ಕಟರಿನ ಕೇಂದ್ರದ ಸುತ್ತ ಬರೆದ ವೃತ್ತವಾಗದೆ ಬೇರೊಂದು ಕೇಂದ್ರದ ಸುತ್ತ ಬರೆದ ವೃತ್ತವಾಗುತ್ತದೆ. ಹೀಗಾಗಿ ಅಂಚು ಎತ್ತರದಲ್ಲಿ ಉಳಿದು ಬೆನ್ನು ತಾನಾಗಿ ಇಳಿಯುತ್ತದೆ. ಒಂದು ಹಲ್ಲು ಮುಗಿದ ಮೇಲೆ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ, ಮೊಳೆಯಿಂದ ಭದ್ರಪಡಿಸಿ, ಎರಡನೆಯ ಹಲ್ಲನ್ನು ಅಷ್ಟೇ ಆಳಕ್ಕೆ ಕೊರೆಯಬೇಕು. ಹೀಗೆ ನಾಲ್ಕು ಸಲ. ನಾಲ್ಕರಲ್ಲಿ ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾಗಿ ಉಳಿದರೆ ಕೊಯ್ಯುವ ಕೆಲಸವೆಲ್ಲ ಅದರ ತಲೆಯ ಮೇಲೆಯೇ ಬೀಳುತ್ತದೆ. ಮಿಕ್ಕ ಮೂರು ಸುಮ್ಮನೆ ಸುತ್ತುತ್ತಿರುತ್ತವೆ. ಆಯುಧಗಳ ಅಂಚಿನ ವಿಷಯದಲ್ಲಿ ಹವ್ಯಾಸಿಗಳು ಎಷ್ಟು ಆಳಕ್ಕೆ ಇಳಿದರೆಂಬುದಕ್ಕೆ ಇನ್ನೊಂದು ಉದಾಹರಣೆಯುಂಟು. ಲಫ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಚ್ಯಾಡಕ್ ಅವರು ಕಟರುಗಳಿಗೆ ಸಾಣೆ ಹಿಡಿಯುವ 'ಕ್ವಾರ್ನ್' ಎಂಬ ಯಂತ್ರವನ್ನು ಹವ್ಯಾಸಿಗಳಿಗಾಗಿ ರೂಪಿಸಿ, 1970ರ ದಶಕದಲ್ಲಿ ಅದರ ವಿವರಗಳನ್ನೆಲ್ಲ ಪ್ರಕಟಿಸಿದರು. ಅದನ್ನು ಓದಿ ಅನೇಕರು ಆ ಯಂತ್ರವನ್ನೂ ಮನೆಯಲ್ಲಿಯೇ ಮಾಡಿಕೊಂಡರು.

ಈಗ ಕಟರಿಗೆ ಬೇಕಾದ ಆಕಾರವೆಲ್ಲ ಬಂದಿದೆ. ಕುಶಲಕರ್ಮಿಯು ಅದರ ಪಕ್ಕದಲ್ಲಿ ಹಲ್ಲಿನ ಗಾತ್ರವನ್ನೂ ಚಕ್ರದ ಸಂಖ್ಯೆಯನ್ನೂ ಅಚ್ಚಿನಿಂದ ಒತ್ತುತ್ತಾನೆ. ಹೆಸರಿಡುವುದಾದರೆ ಈಗಲೇ ಇಡಬೇಕು, ಏಕೆಂದರೆ ಮುಂದೆ ಅಚ್ಚು ಅದಕ್ಕೆ ನಾಟುವುದಿಲ್ಲ. ಇಷ್ಟು ಹೊತ್ತೂ ಈ ಉಕ್ಕು ಮೆತ್ತಗಿತ್ತು. ಅರವೂ ಗರಗಸವೂ ಗುಂಡಿಗಳೂ ಹೇಳಿದಂತೆ ಕೇಳಿತು. ಆದರೆ ಇದೇ ಸ್ಥಿತಿಯಲ್ಲಿ ಅದನ್ನು ಚಕ್ರದ ಬಿಲ್ಲೆಯ ಮೇಲೆ ಹಾಯಿಸಿದರೆ ಕ್ಷಣದಲ್ಲಿ ಅಂಚು ಮಡಿಚಿಹೋಗುತ್ತದೆ. ತಿದ್ದಲು ಸಾಧ್ಯವಿರುವಷ್ಟು ಕಾಲ ಕಟರು ಕೊಯ್ಯಲಾರದು. ಕೊಯ್ಯಲು ಸಮರ್ಥವಾದ ಮೇಲೆ ಅದನ್ನು ತಿದ್ದಲಾಗದು. ಇವೆರಡರ ನಡುವೆ ಇರುವುದು ಬೆಂಕಿ ಮತ್ತು ನೀರು.

ಮನೆಯ ಕಟರಿಗೆ ಬಳಸುವ ಉಕ್ಕಿಗೆ ಇಂಗ್ಲೆಂಡಿನಲ್ಲಿ 'ಸಿಲ್ವರ್ ಸ್ಟೀಲ್' ಎನ್ನುತ್ತಾರೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಲೋಹದಲ್ಲಿ ಬೆಳ್ಳಿಯಿಲ್ಲ. ಹೊಳಪಾಗಿ ಉಜ್ಜಿದ ಸಲಾಕೆಯಾಗಿ ಮಾರುವುದರಿಂದ ಆ ಹೆಸರು ಅದಕ್ಕೆ ಒಪ್ಪುತ್ತದೆ. ಅದರಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇಂಗಾಲವಿದೆ. ಕಬ್ಬಿಣವನ್ನು ಆಯುಧವಾಗಿಸುವುದು ಈ ಒಂದು ಪಾಲು. ನೂರು ಪಾಲಿನಲ್ಲಿ ಒಂದು ಪಾಲು ಇಂಗಾಲವನ್ನು ಸಮನಾಗಿ ಬೆರೆಸುವುದು ಶತಮಾನಗಳವರೆಗೆ ಯೂರೋಪಿಗೆ ಕಠಿಣವಾಗಿಯೇ ಇತ್ತು. ಡಾಂಕಾಸ್ಟರ್ ಊರಿನ ಗಡಿಯಾರಗಾರ ಬೆಂಜಮಿನ್ ಹಂಟ್ಸ್‌ಮನ್ ತನ್ನ ಗಡಿಯಾರಗಳ ಸ್ಪ್ರಿಂಗುಗಳಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, ಷೆಫೀಲ್ಡಿನ ಬಳಿ ನೆಲಸಿ, 1740ರ ದಶಕದಲ್ಲಿ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಕರಗಿಸುವ ವಿಧಾನವನ್ನು ಕಂಡುಹಿಡಿದನು. ಅವನ ಉಕ್ಕು ಬಹಳ ಗಟ್ಟಿಯೆಂದು ಷೆಫೀಲ್ಡಿನ ಚಾಕುಗಾರರು ಮೊದಲಿಗೆ ಅದನ್ನು ಕೊಳ್ಳಲೊಪ್ಪಲಿಲ್ಲ. ಅದು ಫ್ರಾನ್ಸಿಗೆ ಹೋಗಿ ಹೆಸರು ಮಾಡಿದ ಮೇಲೆ ಅವರಿಗೆ ಅದರ ಬೆಲೆ ತಿಳಿಯಿತು.

ಮೂಸೆಯಲ್ಲಿ ಉಕ್ಕನ್ನು ಮಾಡುವುದು ದಕ್ಷಿಣ ಭಾರತಕ್ಕೆ ಅದಕ್ಕಿಂತ ಎಷ್ಟೋ ಹಿಂದಿನಿಂದ ತಿಳಿದಿತ್ತು. ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳೊಡನೆ ಪುಟ್ಟ ಮೂಸೆಯಲ್ಲಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಕಡ್ಡಿಯ ಇಂಗಾಲವು ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ಮೈಸೂರು ಸೀಮೆಯಲ್ಲಿ ಈ ಕೆಲಸ ನಡೆಯುತ್ತಿದ್ದುದನ್ನು 1800-1801ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವರ್ಣಿಸಿದ್ದಾನೆ. ಇಂಗ್ಲಿಷಿನವರು ಈ ಉಕ್ಕನ್ನು 'ವೂಟ್ಜ್' ಎಂದು ಕರೆದರು; ಆ ಶಬ್ದ ಕನ್ನಡದ 'ಉಕ್ಕು' ಎಂಬುದರಿಂದಲೇ ಬಂದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಮೈಕೇಲ್ ಫ್ಯಾರಡೆಯು ವಿದ್ಯುತ್ತಿನ ಸಂಶೋಧನೆಯಿಂದ ಜಗತ್ಪ್ರಸಿದ್ಧನಾಗುವ ಮುನ್ನ, ಸುಮಾರು 1820ರಲ್ಲಿ, ಸ್ಟೋಡಾರ್ಟ್ ಎಂಬ ಆಯುಧಗಾರನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನು ಹುಡುಕಿದ್ದನು.

ಇಪ್ಪತ್ತನೆಯ ಶತಮಾನದ ಆರಂಭದಿಂದ ಕಾರ್ಖಾನೆಗಳು ಟಂಗ್‌ಸ್ಟನ್ ಮುಂತಾದ ಲೋಹಗಳು ಬೆರೆತ 'ಹೈ ಸ್ಪೀಡ್ ಸ್ಟೀಲ್' ಎಂಬ ಉಕ್ಕನ್ನು ಬಳಸತೊಡಗಿದುವು. ಕೊಯ್ಯುವಾಗ ಎಷ್ಟು ಬಿಸಿಯಾದರೂ ಅದು ಬೇಗನೆ ಮೆತ್ತಗಾಗುವುದಿಲ್ಲ. ಆದರೆ ಅದಕ್ಕೆ ಹದ ಕೊಡಲು 1200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಬೇಕು, ಅದೂ ಅಳತೆ ತಪ್ಪದಂತೆ. ಮನೆಯ ಗುಡಿಸಲಿನಲ್ಲಿ ಅದು ಆಗದ ಮಾತು. ಇಂಗಾಲದ ಉಕ್ಕಿಗಾದರೋ 780 ಡಿಗ್ರಿಯ ಆಸುಪಾಸು ಸಾಕು. ಹೀಗೆ ಮನೆಯ ಕುಶಲಕರ್ಮಿಯು ಹೊಸ ಕಾಲದಲ್ಲಿದ್ದೂ ಹಂಟ್ಸ್‌ಮನ್ನನ ಕಾಲದ ಉಕ್ಕಿಗೇ ಮರಳುತ್ತಾನೆ.

ಹದ ಕೊಡುವ ಹೊತ್ತಿಗೆ ಗುಡಿಸಲಿನ ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಿಕೊಳ್ಳುವುದು ವಾಡಿಕೆ. ಬೆಳಕಿನಲ್ಲಿ ಕಾದ ಉಕ್ಕಿನ ಬಣ್ಣ ಕಣ್ಣಿಗೆ ಮೋಸಮಾಡುತ್ತದೆ. ಬೆಂಕಿಗೆ ಜಗ್ಗದ ಇಟ್ಟಿಗೆಗಳ ಗೂಡಿನಲ್ಲಿ ಕಟರನ್ನು ಕಬ್ಬಿಣದ ತಂತಿಯಿಂದ ತೂಗಿಬಿಟ್ಟು, ಅನಿಲದ ಉರಿಯನ್ನು ಅದರ ಸುತ್ತ ಆಡಿಸುತ್ತಾರೆ. ಉರಿಯನ್ನು ಹಲ್ಲುಗಳ ಮೇಲೆಯೇ ನಿಲ್ಲಿಸಬಾರದು; ತೆಳುವಾದ ಅಂಚು ಬೇಗ ಕಾದು ಸುಟ್ಟುಹೋಗುತ್ತದೆ. ಮೊದಲು ಏನೂ ಕಾಣುವುದಿಲ್ಲ. ಅನಂತರ ಕಪ್ಪಿನೊಳಗೆ ಕಪ್ಪೆನ್ನುವಂತಹ ಕೆಂಪು. ಅದು ಮೆಲ್ಲನೆ ತಿಳಿಯಾಗಿ ದಾಳಿಂಬೆಯ ಕಾಳಿನ ಕೆಂಪಿಗೆ ಬರುತ್ತದೆ. ಇಂಗ್ಲಿಷ್ ಕಮ್ಮಾರರು ತಮ್ಮ ನಾಡಿನ ಚೆರಿ ಹಣ್ಣಿಗೆ ಹೋಲಿಸಿ ಅದನ್ನು ಚೆರಿಗೆಂಪು ಎನ್ನುತ್ತಾರೆ. ಕಣ್ಣನ್ನು ಪೂರ್ತಿಯಾಗಿ ನಂಬದವನು ತಂತಿಗೆ ಕಟ್ಟಿದ ಸೂಜಿಗಲ್ಲನ್ನು ಕಟರಿಗೆ ಸೋಂಕಿಸಿ ನೋಡುತ್ತಾನೆ. ಉಕ್ಕು ಹದಕ್ಕೆ ಬರುವ ಹೊತ್ತಿಗೆ ಅದು ಸೂಜಿಗಲ್ಲಿಗೆ ಅಂಟುವುದನ್ನು ಬಿಟ್ಟಿರುತ್ತದೆ. ಅದಾದ ಮೇಲೆ ಇನ್ನು ಸ್ವಲ್ಪ ಶಾಖ, ಕೆಲವು ನಿಮಿಷಗಳ ತಾಳ್ಮೆ. ಆ ಕೆಂಪಿನಲ್ಲಿ ಉಕ್ಕಿನ ಒಳರಚನೆ ಬದಲಾಗಿ, ಇಂಗಾಲವು ನೀರಿನಲ್ಲಿ ಸಕ್ಕರೆ ಕರಗಿದಂತೆ ಕಬ್ಬಿಣದಲ್ಲಿ ಕರಗಿ ಹರಡಿಕೊಳ್ಳುತ್ತದೆ. ನಿಧಾನವಾಗಿ ಆರಿಸಿದರೆ ಅದು ಮತ್ತೆ ಬೇರ್ಪಟ್ಟು ಉಕ್ಕು ಮೊದಲಿನಂತೆ ಮೆತ್ತಗಾಗುತ್ತದೆ. ಥಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಡಲು ಹೊತ್ತು ಸಿಗದು. ಸಿಕ್ಕಿದ್ದಲ್ಲಿಯೇ ಸೆರೆಯಾಗಿ, ಕಬ್ಬಿಣದ ಕಣಗಳನ್ನು ಅತ್ತಿತ್ತ ಜಾರದಂತೆ ಬಿಗಿದು ನಿಲ್ಲುತ್ತದೆ. ಹೀಗೆ ಬಿಗಿದ ರಚನೆಗೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವನ ಹೆಸರಿನಿಂದ ಮಾರ್ಟೆನ್ಸೈಟ್ ಎಂಬ ಹೆಸರು ಬಂದಿದೆ.

ಕಟರನ್ನು ಗೂಡಿನಿಂದ ತೆಗೆದು ಪಕ್ಕದ ಬಕೀಟಿನ ನೀರಿಗೆ ಅದ್ದಲು ಒಂದೆರಡು ಕ್ಷಣಗಳಿಗಿಂತ ಹೆಚ್ಚು ಹಿಡಿಯಬಾರದು. ಬಿಲ್ಲೆಯು ಅಂಚು ಕೆಳಗಾಗಿ ನೀರಿಗೆ ಇಳಿಯಬೇಕು. ಅಂಗಾತವಾಗಿ ಬಿದ್ದರೆ ಒಂದು ಮುಖ ಮೊದಲು ತಣಿದು ಡೊಂಕಾಗುತ್ತದೆ. ನೀರಿನಲ್ಲಿ ಅದನ್ನು ಆಡಿಸುತ್ತಲೇ ಇರಬೇಕು. ಆ ಸುಯ್ಯೆನ್ನುವ ಶಬ್ದದ ನಡುವೆ 'ಟಿಕ್' ಎಂಬ ಸಣ್ಣ ಸದ್ದು ಕೇಳಿಸಿತೆಂದರೆ ಮುಗಿಯಿತು. ಕಟರು ಸೀಳಿದೆ. ಹಲವು ಸಂಜೆಗಳ ದುಡಿಮೆ ಆ ಒಂದು ಸದ್ದಿನಲ್ಲಿ ಹೋಗುತ್ತದೆ. ಹೊರಮೈ ತಣಿದು ಗಟ್ಟಿಯಾಗುವಾಗ ಒಳಗಿನ ಭಾಗ ಇನ್ನೂ ಕೆಂಪಾಗಿಯೇ ಇರುತ್ತದೆ. ಎರಡೂ ಎರಡು ಕಡೆಗೆ ಎಳೆಯುತ್ತವೆ. ಆ ಎಳೆತವೆಲ್ಲ ಹೋಗಿ ನಿಲ್ಲುವುದು ಚೂಪಾದ ಒಳಮೂಲೆಗಳಲ್ಲಿ. ಸೀಳಿನ ತಳ ದುಂಡಗಿರಬೇಕೆಂದು ಆಗಲೇ ಎಚ್ಚರ ವಹಿಸಿದುದು ಇದಕ್ಕಾಗಿಯೇ.

ಸದ್ದಿಲ್ಲದೆ ತಣಿದ ಕಟರನ್ನು ಹೊರತೆಗೆದು ಹಳೆಯ ಅರವೊಂದರಿಂದ ಮೂಲೆಯಲ್ಲಿ ಮುಟ್ಟಿ ನೋಡುತ್ತಾರೆ. ಅರ ಕಚ್ಚಿದರೆ ಹದ ಬಂದಿಲ್ಲ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಬಂದಿದೆ. ಆದರೆ ಗಾಜಿನ ಗಡಸಿನೊಡನೆ ಗಾಜಿನ ಗುಣವೂ ಬಂದಿದೆ. ಕೈತಪ್ಪಿ ನೆಲಕ್ಕೆ ಬಿದ್ದರೆ ಹಲ್ಲು ಸಿಡಿಯಬಹುದು. ಆದುದರಿಂದ ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಎರಡನೆಯ ಸಲ, ಈ ಬಾರಿ ಬಹು ಮೆಲ್ಲಗೆ ಕಾಯಿಸುತ್ತಾರೆ. ಮಿರುಗುವ ಉಕ್ಕಿನ ಮೇಲೆ ಬಣ್ಣಗಳು ಒಂದಾದ ಮೇಲೊಂದು ಮೂಡತೊಡಗುತ್ತವೆ. ಸುಮಾರು 230 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300 ಡಿಗ್ರಿಯ ಹೊತ್ತಿಗೆ ನೀಲಿ. ಇವು ಬಳಿದ ಬಣ್ಣಗಳಲ್ಲ. ಉಕ್ಕಿನ ಮೇಲೆ ಕಟ್ಟಿದ ಅತಿ ತೆಳುವಾದ ಆಕ್ಸೈಡಿನ ಪೊರೆಯಲ್ಲಿ ಬೆಳಕು ಆಡುವ ಆಟ. ನೀರಿನ ಮೇಲೆ ತೇಲುವ ಎಣ್ಣೆಯಲ್ಲಿ ಕಾಣುವಂತಹುದೇ. ಕಟರಿಗೆ ಬೇಕಾದುದು ಒಣಹುಲ್ಲಿನ ಬಣ್ಣ. ಅಲ್ಲಿಗೆ ನಿಲ್ಲಿಸಿದರೆ ಗಡಸು ಹೆಚ್ಚು ಹೋಗದೆ ಅಷ್ಟಿಷ್ಟು ತಾಳಿಕೆ ಬಂದಿರುತ್ತದೆ. ನೀಲಿಗೆ ಹೋದರೆ ಅದು ಸ್ಪ್ರಿಂಗಿಗೆ ಯೋಗ್ಯ, ಕಟರಿಗಲ್ಲ. ಉರಿಯನ್ನು ನಂಬದೆ ಅಡಿಗೆಮನೆಯ ವಿದ್ಯುತ್ ಒಲೆಯ ಪೆಟ್ಟಿಗೆಯಲ್ಲಿಟ್ಟು ಈ ಶಾಖವನ್ನು ಕೊಡುವವರೂ ಉಂಟು. ರೊಟ್ಟಿ ಬೇಯುವ ಜಾಗದಲ್ಲಿ ಉಕ್ಕೂ ಹದವಾಗುತ್ತದೆ.

ಮುಂದಿನದು ಬೇಗ ಮುಗಿಯುವ ಕೆಲಸ. ನಾಲ್ಕು ಹಲ್ಲುಗಳ ಮುಂದಿನ ಮುಖವನ್ನು ಸಾಣೆಯ ಕಲ್ಲಿನಿಂದ ತೀಡಿದರೆ ಕಟರು ಸಿದ್ಧ. ಮೊದಲು ಅದನ್ನು ಅಲ್ಯೂಮಿನಿಯಂ ತುಂಡೊಂದರ ಮೇಲೆ ಓಡಿಸಿ ನೋಡುತ್ತಾರೆ. ಬಳಿಕ 2.1 ಅಂಗುಲ ವ್ಯಾಸದ ಎರಕದ ಕಬ್ಬಿಣದ ಬಿಲ್ಲೆಯನ್ನು ವಿಭಾಗ ಮಾಡುವ ಸಾಧನಕ್ಕೆ ಬಿಗಿಯುತ್ತಾರೆ. ಅದರ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ನಲವತ್ತು ಹಲ್ಲಿಗೆ ಹಲ್ಲಿಗೊಂದು ಸುತ್ತು. ಹಿಡಿಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಮರೆತು ಸ್ವಲ್ಪ ಹಿಂದಕ್ಕೆ ತಿರುಗಿಸಿದರೂ ಒಳಗಿನ ಸಡಿಲದಿಂದ ಲೆಕ್ಕ ತಪ್ಪಿ, ಕೊನೆಯ ಹಲ್ಲು ಸೊರಗಿಯೋ ಊದಿಯೋ ಹುಟ್ಟುತ್ತದೆ. ಕಟರು ನಿಧಾನವಾಗಿ ತಿರುಗುತ್ತದೆ, ಏಕೆಂದರೆ ಇಂಗಾಲದ ಉಕ್ಕು ಬಿಸಿಯೇರಿದರೆ ಪಡೆದ ಹದವನ್ನು ಕಳೆದುಕೊಳ್ಳುತ್ತದೆ. ಎರಕದ ಕಬ್ಬಿಣಕ್ಕೆ ಎಣ್ಣೆ ಬೇಡ. ಕರಿಯ ಪುಡಿ ಉದುರುತ್ತ ಹೋಗುತ್ತದೆ. ಪ್ರತಿ ಸಂದಿನ ಆಳ 2.74 ಮಿಲಿಮೀಟರು.

ನಲವತ್ತನೆಯ ಸಂದು ಮುಗಿದಾಗ ಮೊದಲನೆಯ ಹಲ್ಲೂ ಕೊನೆಯ ಹಲ್ಲೂ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಅವೆರಡರ ದಪ್ಪವನ್ನು ಅಳೆದು ನೋಡಿದ ಮೇಲೆ ಚಕ್ರವನ್ನು ಲೇತಿನಲ್ಲಿ ಅದರ ಹಳೆಯ ನೆರೆಯ ಪಕ್ಕಕ್ಕೆ ಏರಿಸುತ್ತಾರೆ. ಎರಡರ ಹಲ್ಲುಗಳ ನಡುವೆ ತೆಳುವಾದ ಕಾಗದದ ಪಟ್ಟಿಯೊಂದನ್ನು ಇಟ್ಟು, ಬಿಗಿದು, ಕೈಯಿಂದ ಮೆಲ್ಲನೆ ತಿರುಗಿಸುತ್ತಾರೆ. ಕಾಗದ ಎಲ್ಲಿಯೂ ಹರಿಯದೆ, ಒಂದೇ ಅಳತೆಯ ಮಡಿಕೆಗಳನ್ನು ಹೊತ್ತು ಇನ್ನೊಂದು ಕಡೆಯಿಂದ ಹೊರಗೆ ಬಂದರೆ, ಹಲ್ಲುಗಳ ನಡುವೆ ಇರಬೇಕಾದಷ್ಟು ಸಡಿಲ ದೊರೆತಿದೆಯೆಂದು ಅರ್ಥ. ಆಮೇಲೆ ಲೇತಿನ ಪಟ್ಟೆಯನ್ನು ಏರಿಸಿ ಮೋಟಾರಿನ ಗುಂಡಿಯನ್ನು ಒತ್ತುತ್ತಾರೆ.